ಐರಿನ್ ಟೀಚರ್ ಹೇಳಿದ ‘ಸರಿ’

ಮಂಗಳೂರಿನಲ್ಲಿ ಐರಿನ್ ಎಂಬ ಪಿಯಾನೊ ಟೀಚರ್ ಇದ್ದರು. ಹೊಸಬರಿಗೆ ಅವರು ಮೊದಲು ಕಲಿಸುತ್ತಿದ್ದುದು ಸಿ ಮೇಜರ್ ಕಾರ್ಡ್. ಮೂರು ಬಿಳಿ ಕೀಗಳನ್ನು ಮೂರು ಬೆರಳುಗಳಿಂದ ಒಟ್ಟಿಗೆ ಒತ್ತಬೇಕು. ಮೂರು ಸ್ವರವೂ ಬೆರೆತು ಒಂದೇ ನಾದವಾಗಬೇಕು. ಇದನ್ನೇ ಕಲಿಸಿ ಕಲಿಸಿ ಅವರ ತಲೆ ನರೆತಿತ್ತು. ಸಂಜೆಯಾದರೆ ಕಾಲು ಊದಿಕೊಳ್ಳುತ್ತಿತ್ತು, ಯಾರೊಡನೆಯೂ ಮಾತೇ ಬೇಡ ಎನ್ನಿಸುತ್ತಿತ್ತು.

ಅಂಥ ಒಂದು ಸಂಜೆ, ಕೊನೆಯ ಪಾಠ ವಾರಿಜಳದು. ಆಕೆ ಶಿಶುವಿಹಾರದ ಶಿಕ್ಷಕಿ. ಅಲ್ಲಿ ಸುಮ್ಮನೆ ಬಿದ್ದಿದ್ದ ಪಿಯಾನೊ ನುಡಿಸಿ ಮಕ್ಕಳ ಪ್ರಾರ್ಥನೆಗೆ ಶ್ರುತಿ ಕೊಡಬೇಕೆಂಬುದು ಅವಳ ಆಸೆ. ಕಾರ್ಡ್ ಒತ್ತಿದಾಗ ಅವಳ ನಡುಬೆರಳು ಪಕ್ಕದ ಕೀಗೆ ಜಾರಿತು. ಐರಿನ್‌ಗೆ ಅದು ಕೇಳಿಸಿತು. ತಿದ್ದಲು ಹೊರಟರೆ ಇನ್ನೂ ಅರ್ಧ ಗಂಟೆ ಕೂರಬೇಕು.

“ಸರಿಯಾಗಿದೆ,” ಎಂದುಬಿಟ್ಟರು.

ವಾರಿಜಳಿಗೆ ನಂಬಲಿಕ್ಕೇ ಆಗಲಿಲ್ಲ. “ನನ್ನ ಕೈಗೂ ಬಂತಲ್ಲ ಟೀಚರ್,” ಎಂದು ನಗುತ್ತ ಹೋದಳು.

ಮುಂದಿನ ವಾರ ಬಂದವಳು ಪಿಯಾನೊ ಹತ್ತಿರ ಹೋಗಲೇ ಇಲ್ಲ. ಬಾಗಿಲಲ್ಲೇ ನಿಂತು ಹೇಳಿದಳು: “ಪ್ರಾರ್ಥನೆಗೆ ನುಡಿಸಿದೆ. ಮಕ್ಕಳು ಒಬ್ಬೊಬ್ಬರು ಒಂದೊಂದು ಕಡೆ ರಾಗ ಎಳೆದರು. ಹೆಡ್‌ಮಿಸ್ ಬಂದು ಪಿಯಾನೊದ ಮುಚ್ಚಳ ಹಾಕಿದರು. ನನಗೆ ಸಂಗೀತದ ಕಿವಿಯೇ ಇಲ್ಲ ಟೀಚರ್. ಬಿಟ್ಟುಬಿಡ್ತೇನೆ.”

ಐರಿನ್ ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಂದು ಪಾಠ ಕಡಿಮೆಯಾಗಿ ಕಾಲಿಗೂ ವಿಶ್ರಾಂತಿ ಸಿಗುತ್ತಿತ್ತು. ಆದರೆ ಆ ಬಾಡಿದ ಮುಖ ನೋಡಿ ಸುಮ್ಮನಿರಲು ಅವರಿಂದ ಆಗಲಿಲ್ಲ.

“ನಿಮ್ಮ ಕಿವಿಗೆ ಏನೂ ಆಗಿಲ್ಲ. ತಪ್ಪು ನನಗೆ ಅವತ್ತೇ ಕೇಳಿಸಿತ್ತು. ಸುಸ್ತಾಗಿತ್ತು, ಸರಿ ಅಂದುಬಿಟ್ಟೆ.”

ವಾರಿಜ ಚಪ್ಪಲಿ ಕಳಚಿ ಒಳಗೆ ಬಂದು ಕೂತಳು. ಐರಿನ್ ಅವಳ ನಡುಬೆರಳನ್ನು ಹಿಡಿದು ಸರಿಯಾದ ಕೀ ಮೇಲೆ ಇಟ್ಟರು. ಮೂರೂ ಸ್ವರ ಬೆರೆತು ಕೋಣೆ ತುಂಬಿತು. ವಾರಿಜ ನಗಲಿಲ್ಲ.

“ಇದಾದರೂ ನಿಜವಾಗಿ ಸರಿಯಾ ಟೀಚರ್?”

“ಸರಿ.”

ಅವಳು ನಂಬಲಿಲ್ಲ. ಮತ್ತೆ ಒತ್ತಿದಳು, ಮತ್ತೆ ಕೇಳಿದಳು. ಐರಿನ್ ಕಾಲು ನೋಯುತ್ತಿದ್ದರೂ ಏಳದೆ, ಪ್ರತಿ ಸಲವೂ ಕಿವಿಗೊಟ್ಟು ಕೇಳಿಯೇ ಉತ್ತರ ಕೊಟ್ಟರು.

ನೀತಿ: ದಣಿದವರು “ಇವತ್ತಿಗೆ ಸಾಕು, ನಾಳೆ ನೋಡೋಣ” ಎನ್ನಬಹುದು. ತಪ್ಪಿದ್ದನ್ನು “ಸರಿ” ಎನ್ನಬಾರದು. ನಾವು ಸುಸ್ತಿನಲ್ಲಿ ಹೇಳಿದ ಸುಳ್ಳಿನ ಫಲವನ್ನು ಕಲಿಯುವವರು ತಮ್ಮ ಕೊರತೆ ಎಂದುಕೊಳ್ಳುತ್ತಾರೆ.