ಮುಂದಿನ ಕೆಂಪು ದೀಪ

ಇದು ಸೋಮವಾರ ಬೆಳಿಗ್ಗೆ ನಡೆಯಿತು. ಶಂಭುಲಿಂಗಪ್ಪನವರ ಸಣ್ಣ ಎಸ್‌ಯುವಿ ಸಿಗ್ನಲ್ಲಿನಲ್ಲಿ ನಿಂತಿತ್ತು.

"ಕಂಪನಿಯವರು ಹೇಳಿದ ಮೈಲೇಜು ಬರುತ್ತಲೇ ಇಲ್ಲ," ಎಂದು ಅವರು ಹೆಂಡತಿ ವಿಶಾಲಾಕ್ಷಿಗೆ ಹೇಳಿದರು. "ದೃಷ್ಟಿಗೆ ನಿಂಬೆಹಣ್ಣು ಕಟ್ಟಿದ್ದೂ ಆಯಿತು. ಇಂಜಿನ್ನೇ ಸರಿಯಿಲ್ಲ. ಈಗಲೇ ಗ್ಯಾರೇಜಿನಲ್ಲಿ ಬಿಚ್ಚಿಸುತ್ತೇನೆ."

ಇಂಜಿನ್ ನಡುಗಿತು. "ಬ್ರೇಕಣ್ಣ, ನಾನು ಪೆಟ್ರೋಲ್ ಸುಟ್ಟು ಪಡೆದ ವೇಗವನ್ನೆಲ್ಲ ನೀನು ಪ್ರತಿ ಸಿಗ್ನಲ್ಲಿನಲ್ಲೂ ಬರಿಯ ಬಿಸಿಯಾಗಿ ಚೆಲ್ಲುತ್ತೀಯೆ. ದಯವಿಟ್ಟು ಚೆಲ್ಲಬೇಡ."

"ಚೆಲ್ಲದಿದ್ದರೆ ಮುಂದಿನ ಬಸ್ಸಿಗೆ ಗುದ್ದುತ್ತೀಯೆ. ಅಷ್ಟು ವೇಗ ಬೇಡವೆಂದು ಯಜಮಾನರ ಪಾದಕ್ಕೆ ಹೇಳು."

"ಪಾದಕ್ಕೆ ಕಿವಿಯಿಲ್ಲ."

"ಕಿವಿಯಿದ್ದವರು ಕೇಳುತ್ತಾರೆಯೇ, ನೋಡೋಣ," ಎಂದಿತು ಬಂಪರಿಗೆ ಕಟ್ಟಿದ್ದ ನಿಂಬೆಹಣ್ಣು. "ಮುಂದಿನ ದೀಪವೂ ಕೆಂಪಾಗಿದೆ. ನನಗೇ ಕಾಣುತ್ತಿದೆ."

ಹಸಿರು ದೀಪ ಹತ್ತಿತು. ಪಾದ ಆಕ್ಸಿಲರೇಟರನ್ನು ಬಲವಾಗಿ ಒತ್ತಿತು.

"ನಿಧಾನ ರೀ, ಮುಂದೆ ಕೆಂಪಿದೆ," ಎಂದರು ವಿಶಾಲಾಕ್ಷಿ.

"ಗೊತ್ತು ಮಾರಾಯ್ತಿ. ಅಲ್ಲಿಯವರೆಗಾದರೂ ಬೇಗ ಹೋಗೋಣ."

ಇಂಜಿನ್ ತನ್ನ ಶಕ್ತಿಯನ್ನೆಲ್ಲ ಕೊಟ್ಟಿತು. ಬ್ರೇಕ್ ಅದನ್ನೆಲ್ಲ ಚೆಲ್ಲಿತು. ಆ ದೀಪ ದಾಟಿದೊಡನೆ ಕಾರು ಗ್ಯಾರೇಜಿನ ಕಡೆಗೆ ತಿರುಗಿತು.

ಕಾರಿನಲ್ಲಿದ್ದವರು: ಶಂಭುಲಿಂಗಪ್ಪ, ವಿಶಾಲಾಕ್ಷಿ, ಬ್ರೇಕ್, ನಿಂಬೆಹಣ್ಣು ಮತ್ತು ಗ್ಯಾರೇಜಿನವರೆಗೆ ಮಾತ್ರ ಇಂಜಿನ್.