ಎಣ್ಣೆ ಹಚ್ಚುವ ಕೈ

ಇದನ್ನು ನನಗೆ ಮೊದಲು ಹೇಳಿದವರು ಸೋದರತ್ತೆ ನೀಲಮ್ಮ. ನಾನು ತಮ್ಮನ ಮೇಲೆ ಮುಖ ಊದಿಸಿಕೊಂಡು ಕೂತಿದ್ದೆ, ಕೇಳದಿದ್ದರೂ ಹೇಳಿದರು.

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ಸಂಗಯ್ಯನನ್ನು ದಿನವೂ ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ತಿಳಿಹೇಳುತ್ತೀರಿ. ನನ್ನ ಪಾಲಿಗೆ ಬರೀ ಬೈಗುಳ. ನಾನು ನಿಮ್ಮ ಶಿಷ್ಯನಲ್ಲವೇ?"

ಗುರು ಹೇಳಿದರು:

ಒಬ್ಬ ಗಾಣಿಗನಿಗೆ ಇಬ್ಬರು ಹೆಣ್ಣುಮಕ್ಕಳು. ಅವನ ಬೆನ್ನ ಮೇಲೆ ಅಂಗೈಯಗಲವಿದ್ದ ಚರ್ಮದ ಕಾಯಿಲೆ ಕಿರಿಯಳಿಗೆ ಹುಟ್ಟುವಾಗಲೇ ಮೈತುಂಬ ಬಂದಿತ್ತು. ಎಲ್ಲಿ ಉಜ್ಜಿದರೆ ಅಲ್ಲಿ ಗುಳ್ಳೆ. ಗುಳ್ಳೆ ಒಡೆದು ಆರಿದರೆ ಮೀನಿನ ಹುರುಪೆಯಂಥ ದಪ್ಪ ಚರ್ಮ. ಬೆಳಗಾದರೆ ತಾಯಿ ಅವಳನ್ನು ಬೆಚ್ಚಗಿನ ನೀರಿನಲ್ಲಿ ಕೂರಿಸುವಳು. ಗಾಣದ ಮೊದಲ ಎಣ್ಣೆಯನ್ನು ಬೆರಳ ತುದಿಯಿಂದ ಸವರುವಳು. ಒಗೆದೊಗೆದು ಮೆತ್ತಗಾದ ತನ್ನ ಹಳೆ ಸೀರೆಯನ್ನು ಸುತ್ತುವಳು. ಅಷ್ಟರಲ್ಲಿ ಮಧ್ಯಾಹ್ನ.

ಹಿರಿಯಳ ಹೊಟ್ಟೆ ಉರಿಯುತ್ತಿತ್ತು. ಗಾಣದ ಮನೆಯಲ್ಲಿ ಹುಟ್ಟಿಯೂ ಅವಳ ತಲೆಗೆ ಅಮ್ಮನ ಕೈಯ ಎಣ್ಣೆ ಬಿದ್ದಿರಲಿಲ್ಲ. ಹಬ್ಬಕ್ಕೆ ಹೊಸ ಲಂಗ ಬಂದರೂ ಕಣ್ಣೆಲ್ಲ ಆ ಹಳೆ ಸೀರೆಯ ಮೇಲೆ. ತನಗೂ ಅಂಟಲಿ ಎಂದು ತಂಗಿ ಬಿಚ್ಚಿಟ್ಟ ಸೀರೆಯನ್ನು ಕದ್ದು ಹೊದ್ದು ಮಲಗಿದಳು. ಅದು ಅಂಟುವ ಕಾಯಿಲೆಯಲ್ಲ, ಅಂಟಲಿಲ್ಲ.

ಒಂದು ದಿನ ತಂಗಿಗಿಂತ ಮೊದಲೇ ಹೋಗಿ ಅವಳ ಚಾಪೆಯ ಮೇಲೆ ಬೋರಲು ಮಲಗಿದಳು.

"ನಂಗೂ ಹಚ್ಚಮ್ಮ."

"ನಿಂಗೇನೇ ಬಂದಿರೋದು ಧಾಡಿ? ಒನಕೆಯಂಥ ಮೈ!" ತಾಯಿ ನಕ್ಕು ಬೆನ್ನಿಗೆ ಫಟೀರನೆ ಒಂದು ಬಾರಿಸಿದಳು. "ಏಳೇ ಕತ್ತೆ, ಎತ್ತಿಗೆ ಹುಲ್ಲು ಹಾಕು ಹೋಗು."

ಹಿರಿಯಳು ಹಲ್ಲು ಕಚ್ಚಿಕೊಂಡು ಎದ್ದಳು. ಬಾಗಿಲಲ್ಲಿ ತಂಗಿ ನಿಂತಿದ್ದಳು. ಅಮ್ಮನ ಅಂಗೈಯನ್ನೇ ನೋಡುತ್ತಿದ್ದಳು. ಆ ನೋಟವನ್ನು ಹಿರಿಯಳು ಚೆನ್ನಾಗಿ ಬಲ್ಲಳು. ಇಷ್ಟು ದಿನ ಅದು ತನ್ನೊಬ್ಬಳದೇ ಎಂದುಕೊಂಡಿದ್ದಳು.

"ಅಮ್ಮನ ಕೈ ಹಾಗೆ ಬಿದ್ದರೆ ಹೇಗಿರುತ್ತೆ, ಅಕ್ಕಾ?"

ಬಾಚಿ ತಬ್ಬಿಕೊಳ್ಳಲು ಅಕ್ಕ ಕೈ ಚಾಚಿದಳು. ತಬ್ಬಿದರೆ ಗುಳ್ಳೆ ಏಳುತ್ತದೆ. ಚಾಚಿದ ಕೈ ಅರ್ಧದಲ್ಲೇ ನಿಂತಿತು.

ಕತೆ ಮುಗಿಸಿ ಗುರು ಎದ್ದರು.

"ಹೋಗಿ ಇದನ್ನು ಸಂಗಯ್ಯನಿಗೂ ಹೇಳು, ನಿನಗೆ ಸಿಗುವ ಬೈಗುಳ ತನಗೇಕಿಲ್ಲ ಎಂದು ಅವನು ಮೊನ್ನೆ ನನ್ನೆದುರು ಅತ್ತ."