ಮೂರು ಕೇರಿಯ ಗೋಡೆ

“ಗುರುಗಳೇ, ನಮ್ಮ ರಾಜ್ಯದಲ್ಲಿ ಮೂರು ನುಡಿಯ ಜನ. ನಮ್ಮವರ ಪರವಾಗಿ ಮಾತಾಡಲು ನಾಳೆ ನಾನು ರಾಜಸಭೆಗೆ ಹೋಗಬೇಕು. ಯಾವ ವಾದ ಹಿಡಿಯಲಿ?” ಎಂದು ಚೆನ್ನವೀರ ಕೇಳಿದ.

ಗುರುಗಳು ನಕ್ಕರು. “ವಾದಕ್ಕೇನಯ್ಯಾ ಬರ? ಕೂತುಕೋ, ಒಂದು ಕತೆ ಹೇಳುತ್ತೇನೆ.”

ಒಂದು ಪಟ್ಟಣದಲ್ಲಿ ಮೂರು ಜನಾಂಗ, ಮೂರು ಕೇರಿ, ಮೂವರು ಮುಖಂಡರು. ನೆಲ ಮೊದಲು ಬಂದವರದು ಎಂದ ಒಬ್ಬ. ಹೆಚ್ಚು ಜನ ಇರುವವರದು ಎಂದ ಇನ್ನೊಬ್ಬ. ಅಲ್ಲ, ಓದಿದವರದು ಎಂದ ಮೂರನೆಯವನು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕೊನೆಗೆ ಮೂವರೂ ಒಂದೇ ಒಂದು ಮಾತಿಗೆ ಒಪ್ಪಿದರು: ಕೇರಿಗಳ ನಡುವೆ ಗೋಡೆ ಬೇಕು. ಅವರ ಮಾತೇ ಜನರ ಮಾತೆಂದುಕೊಂಡು ರಾಜ ಒಬ್ಬ ಗಾರೆಯವನಿಗೆ ಅಪ್ಪಣೆ ಕೊಟ್ಟ.

ಗಾರೆಯವನು ತನ್ನ ಮಗಳನ್ನು ಕೊಟ್ಟಿದ್ದು ಸುಣ್ಣ ಸುಡುವವರ ಕೇರಿಗೆ. ಅವಳ ಕೂಸಿಗೆ ಇನ್ನೂ ಐದು ತಿಂಗಳು. ಗೋಡೆ ಮುಗಿದರೆ ಮೊಮ್ಮಗಳ ಮುಖ ಕಾಣುವ ಹಾಗಿಲ್ಲ. ಆದರೆ ರಾಜಾಜ್ಞೆ ಮೀರುವುದುಂಟೇ? ಸಂಕಟಪಡುತ್ತಲೇ ಗಾರೆ ಮೆತ್ತುವ ಕರಣೆ ಹಿಡಿದ.

ಕಲ್ಲು ಅವನ ಕೇರಿಯದು. ಸುಣ್ಣ ಬೀಗರ ಕೇರಿಯದು. ಗಾರೆಗೆ ಬೆರೆಸುವ ಬೆಲ್ಲದ ನೀರು ಮೂರನೆಯ ಕೇರಿಯಿಂದ ಬರಬೇಕು. ಹೊತ್ತು ತಂದವರು ಅಲ್ಲೇ ಕೂತು ಹರಟಿದರು, ಒಬ್ಬರನ್ನೊಬ್ಬರು ರೇಗಿಸಿದರು. ಬೆಲ್ಲದ ನೀರು ಅರ್ಧ ಗಾರೆಗೆ, ಅರ್ಧ ಬಾಯಿಗೆ ಹೋಯಿತು. ಮಗಳು ದಿನವೂ ಕೂಸನ್ನೆತ್ತಿಕೊಂಡು ಬಂದಳು. ಅಷ್ಟು ಖುಷಿಯ ಕೆಲಸ ಗಾರೆಯವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಗೋಡೆಗಳು ಎದ್ದವು. ಮೂರೂ ಕೂಡುವ ಕಡೆ ಒಂದು ಆಳು ನುಸುಳುವಷ್ಟು ಸಂದು ಮಾತ್ರ ಉಳಿಯಿತು. ರಾಜ ಬಂದು, “ಇದನ್ನೇಕೆ ಮುಚ್ಚಿಲ್ಲ?” ಎಂದು ಕೇಳಿದ.

“ಮುಚ್ಚಬಹುದು ಬುದ್ಧೀ. ಆದರೆ ನಾಳೆ ಮಳೆಗೆ ಗಾರೆ ಉದುರಿದರೆ, ನಾನು ಯಾವ ಕಡೆ ನಿಂತರೂ ಎರಡು ಸಾಮಾನು ಆಚೆ ಕಡೆ ಉಳಿಯುತ್ತವೆ. ಮೂರು ಕೇರಿಯೂ ಕೂಡದೆ ಈ ಗೋಡೆ ಎರಡು ಮಳೆಗಾಲ ತಡೆಯುವುದಿಲ್ಲ.”

ರಾಜನಿಗೆ ನಗು ತಡೆಯಲಾಗಲಿಲ್ಲ. ನೆರೆದ ಜನರ ಕಡೆ ತಿರುಗಿ, “ಹಾಗಾದರೆ ನಿಮ್ಮಲ್ಲಿ ಗೋಡೆ ಬೇಕೆಂದವರು ಯಾರು?” ಎಂದ.

ಬೆಲ್ಲದ ನೀರಿನ ಕೊಡ ಹೊತ್ತಿದ್ದ ಒಬ್ಬ ಮುದುಕಿ, “ನಿಮಗೇ ಬೇಕಾಗಿದೆ ಅಂದುಕೊಂಡಿದ್ದೆವು ಸ್ವಾಮಿ” ಎಂದಳು.

ಗೋಡೆ ಆ ವಾರವೇ ಇಳಿಯಿತು. ಅದೇ ಕಲ್ಲಿನಲ್ಲಿ ಗಾರೆಯವನು ಮೂರು ಕೇರಿಗೂ ಸೇರಿ ಒಂದು ಕಟ್ಟೆ ಕಟ್ಟಿದ. ಮೊದಲು ಅದರ ಮೇಲೆ ಮೊಮ್ಮಗಳನ್ನು ಕೂರಿಸಿ, ಊರಿಗೆಲ್ಲ ಬೆಲ್ಲ ಹಂಚಿದ.

ಚೆನ್ನವೀರ ಹೊಟ್ಟೆ ಹಿಡಿದುಕೊಂಡು ನಕ್ಕ. “ಎಂಥ ಮೂಢರು ಗುರುಗಳೇ, ಆ ಮುಖಂಡರು!”

ಗುರುಗಳೂ ನಗುತ್ತಲೇ ಹೇಳಿದರು: “ಅದಿರಲಿ, ನಾಳೆ ಏನು ಮಾತಾಡಬೇಕೆಂದು ನನ್ನನ್ನು ಕೇಳಿದೆಯಲ್ಲ, ನಿನ್ನವರನ್ನು ಕೇಳಿದೆಯಾ?”